ಮಡಿ: ಅಗಸರ ಕಟ್ಟೆಯಿಂದ ಆಶಾ ಕಾರ್ಯಕರ್ತೆಯವರೆಗೆ

ಮಡಿ ಎಂದೊಡನೆ ನೆನಪಾಗುವುದು ಒದ್ದೆ ಪಂಚೆ, ಅಡುಗೆಮನೆಯ ಹೊಸ್ತಿಲು, ‘ಮುಟ್ಟಬೇಡ’ ಎಂಬ ಕೂಗು. ಆದರೆ ಈ ಪದದ ತವರು ಅಗಸರ ಕಟ್ಟೆ. ಒಗೆದು ಶುಭ್ರವಾದ ಬಟ್ಟೆಯೇ ಮಡಿ. ಹಾಗೆ ಒಗೆದುಕೊಡುವವನು ಮಡಿವಾಳ. 12ನೇ ಶತಮಾನದ ಶರಣ ಮಾಚಿದೇವರ ಹೆಸರಿನೊಂದಿಗೆ ಆ ಕಾಯಕ ಇಂದಿಗೂ ಉಳಿದಿದೆ. ಬರಬರುತ್ತಾ ಪದ ಬಟ್ಟೆಯಿಂದ ಉಟ್ಟವರ ಮೈಗೆ, ಮೈಯಿಂದ ಹುಟ್ಟಿಗೆ ಏರಿತು. ಮಡಿ ಮಾಡಿಕೊಟ್ಟವನೇ ಮಡಿಯ ಮನೆಯ ಹೊರಗೆ ನಿಂತ. ಈ ಪದದ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಾಣದು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಕೊಡಗಿನ ಕೊಡವರ ಬದುಕನ್ನು ಕುರಿತು ಬರೆದ ಗ್ರಂಥ 1952ರಲ್ಲಿ ಪ್ರಕಟವಾಯಿತು. ಅದರಲ್ಲಿ ಮಡಿ ಮತ್ತು ಪೊಲೆ ಎಂಬ ಜೋಡಿಪದಗಳ ವಿಸ್ತಾರವಾದ ವಿವೇಚನೆಯಿದೆ. ಕೊಡವರ ನುಡಿಯಾದ ಕೊಡವ ತಕ್ಕಿನ ಪೊಲೆ ಎಂದರೆ ಕನ್ನಡದ ಹೊಲೆ: ಹುಟ್ಟು, ಸಾವು, ಮುಟ್ಟುಗಳ ಮೈಲಿಗೆ. ಈ ಮಡಿಗೂ ಕೊಳೆಗೂ ನೇರ ನಂಟಿಲ್ಲ. ತಿಂಗಳುಗಟ್ಟಲೆ ನೀರು ಕಾಣದ ಪಟ್ಟೆಯೂ ಮಡಿ. ಸೋಪು ಹಚ್ಚಿ ಒಗೆದ ಅಂಗಿ, ಸಲ್ಲದವರು ಮುಟ್ಟಿದರೆ ಮೈಲಿಗೆ.

2020ರ ಮಾರ್ಚ್‌ನಲ್ಲಿ ಕೊಡಗಿನ ಮೊದಲ ಕೊರೊನಾ ಪ್ರಕರಣ ದೃಢಪಟ್ಟಿತು. ಕೈ ತೊಳೆಯಿರಿ, ದೂರ ನಿಲ್ಲಿರಿ ಎಂದು ಸರ್ಕಾರ ಹೇಳತೊಡಗಿದ್ದೇ ತಡ, ‘ನೋಡಿ, ಹಿರಿಯರ ಮಡಿಯೇ ಸರಿ’ ಎಂಬ ಮಾತು ಎಲ್ಲೆಡೆ ಓಡಾಡಿತು. ಇದನ್ನು ನಾನು ಒಪ್ಪಲಾರೆ. ನಿನ್ನಿಂದ ನನಗೆ ಕೇಡು ಎಂಬುದು ಹಳೆಯ ಮಡಿ. ನನ್ನಿಂದ ನಿನಗೆ ಕೇಡಾಗದಿರಲಿ ಎಂಬುದು ಮಾಸ್ಕ್. ಅಳುಕು ತನ್ನ ಮೈಯ ಬಗ್ಗೆಯೇ ಹುಟ್ಟಿದ್ದು ಹೊಸ ನೀತಿ.

ಈ ನೀತಿ ಕೊಡಗಿನ ಜನಕ್ಕೆ ಸುಲಭವಾಗಿರಲಿಲ್ಲ. ಇಲ್ಲಿ ಸಾವಿನ ಮನೆಗೆ ಊರೇ ಸೇರಬೇಕು, ಹೋಗದಿದ್ದವರ ಮೇಲೆ ಮಾತು ಬರುತ್ತದೆ. ಲಾಕ್‌ಡೌನ್ ನಿಯಮ ಅಂತ್ಯಸಂಸ್ಕಾರಕ್ಕೆ 20 ಜನ ಸಾಕು ಎಂದಿತು. ಹೋಗಿ ಹೆಗಲು ಕೊಡುವುದು ಧರ್ಮವಾಗಿದ್ದ ಊರಿನಲ್ಲಿ ಮನೆಯಲ್ಲೇ ಕುಳಿತು ಅಳುವುದು ಧರ್ಮವಾಯಿತು. ಆ ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವಕ್ಕೂ ಎಂದಿನ ಜನಸಾಗರವಿರಲಿಲ್ಲ. ಪುಣ್ಯಸ್ನಾನದ ಆಸೆಯನ್ನು ಇನ್ನೊಬ್ಬರ ಉಸಿರಿಗಾಗಿ ಬಿಟ್ಟವರ ಭಕ್ತಿ ದೊಡ್ಡದೆಂದೇ ನಾನು ತಿಳಿದಿದ್ದೇನೆ.

ಹಳೆಯ ಅರ್ಥ ಸತ್ತಿತೆಂದು ಮಾತ್ರ ಹೇಳಲಾಗದು. ಮಾಕುಟ್ಟದ ಗಡಿಯಲ್ಲಿ ಕೇರಳದ ದಾರಿಗೆ ಮಣ್ಣು ಸುರಿದಾಗ, ಕ್ವಾರಂಟೈನ್ ಚೀಟಿ ಅಂಟಿಸಿದ ಬಾಗಿಲುಗಳನ್ನು ನೆರೆಯವರು ಬೆರಳು ಮಾಡಿ ತೋರಿಸಿದಾಗ ಎದ್ದು ನಿಂತದ್ದು ಆ ಪೊಲೆಯ ಭಯವೇ.

ಅದೇ ಬಾಗಿಲುಗಳನ್ನು ತಟ್ಟಿ ಜ್ವರ, ಕೆಮ್ಮು ವಿಚಾರಿಸಿದವರು ಆಶಾ ಕಾರ್ಯಕರ್ತೆಯರು. ಮಡಿವಾಳನಂತೆಯೇ ಊರಿನ ಸೋಂಕನ್ನು ಎದುರುಗೊಂಡು ಊರನ್ನು ಶುಭ್ರವಾಗಿಟ್ಟವರು. ಚಪ್ಪಾಳೆ ಬೇಕಾದಷ್ಟು ಸಿಕ್ಕಿತು. ತಿಂಗಳಿಗೆ 12,000 ರೂಪಾಯಿಯ ನಿಶ್ಚಿತ ಗೌರವಧನಕ್ಕಾಗಿ ಅವರು 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ, ರಾಜ್ಯದಾದ್ಯಂತ ಮುಷ್ಕರ ಹೂಡಬೇಕಾಯಿತು.