ಸೋಲಾರ್ ಬಿಸಿನೀರು ಕೆಟ್ಟರೆ ರಿಪೇರಿಯೋ, ಹೊಸದೋ? ಮೊದಲು ಎಲ್ಲಿ ಸೋರುತ್ತಿದೆ ನೋಡಿ

ತಂಬ್ರಹಳ್ಳಿ: ಚಳಿ ಬಿದ್ದ ಮೇಲೇ ನಮ್ಮ ಕಡೆ ಮಾಳಿಗೆ ಮೇಲಿನ ಸೋಲಾರ್ ನೆನಪಾಗುವುದು. ಬೇಸಿಗೆ ಪೂರ್ತಿ ಸಾದಾ ಟ್ಯಾಂಕಿನ ನೀರೇ ಕೈ ಸುಡುವಷ್ಟು ಕಾದಿರುತ್ತದೆ, ಸೋಲಾರ್ ಕೆಟ್ಟಿದ್ದರೂ ಗೊತ್ತಾಗಲ್ಲ. ಚಳಿ ಶುರುವಾಗಿ ಬಚ್ಚಲ ನಲ್ಲಿ ತಿರುಗಿಸಿದರೆ ಉಗುರುಬೆಚ್ಚಗಿನ ನೀರು. ಮೆಕ್ಯಾನಿಕ್ ಬಂದು ಅಂಗಳದಲ್ಲೇ ನಿಂತು ನೋಡಿ, ‘ಹತ್ತು ವರ್ಷ ಆಗೈತಲ್ರೀ, ಹೊಸದೇ ಹಾಕ್ಸಿಬಿಡ್ರಿ’ ಅಂತಾನೆ. ಒಪ್ಪುವ ಮುಂಚೆ ನೀವೇ ಒಮ್ಮೆ ಮೇಲೆ ಹತ್ತಿ ನೋಡುವುದು ಒಳ್ಳೇದು.

ಮೇಲೆ ಹತ್ತುವುದಕ್ಕೂ ಮೊದಲು ಬಚ್ಚಲಲ್ಲೇ ಒಂದು ಪರೀಕ್ಷೆ ಇದೆ. ಬಿಸಿ-ತಣ್ಣೀರು ಎರಡೂ ಬರುವ ಮಿಕ್ಸರ್ ನಲ್ಲಿ ಇದ್ದರೆ, ಅದು ಒಳಗೆ ಸವೆದು ತಣ್ಣೀರನ್ನು ಬಿಸಿನೀರಿನ ಪೈಪಿಗೆ ಬಿಡುತ್ತಿರಬಹುದು. ಬಚ್ಚಲಿಗೆ ಬರುವ ತಣ್ಣೀರಿನ ವಾಲ್ವ್ ಬಂದ್ ಮಾಡಿ ಬಿಸಿನೀರು ಬಿಡಿ. ಸುಡುವ ನೀರು ಬಂದರೆ ಸೋಲಾರ್‌ದೇನೂ ತಪ್ಪಿಲ್ಲ, ನಲ್ಲಿ ಬದಲಿಸಿದರೆ ಸಾಕು.

ಈಗ ಮಾಳಿಗೆಗೆ ಬನ್ನಿ. ನಮ್ಮೂರಲ್ಲಿ ಹೆಚ್ಚು ಕಾಣುವುದು ಗಾಜಿನ ಟ್ಯೂಬಿನ ಸೋಲಾರ್. ಟ್ಯೂಬ್ ಅಂದರೆ ಎರಡು ಪದರದ ಗಾಜು, ನಡುವೆ ಗಾಳಿ ತೆಗೆದ ಖಾಲಿ ಜಾಗ. ಥರ್ಮಾಸ್ ಫ್ಲಾಸ್ಕಿನಂತೆ ಒಳಗಿನ ಕಾವು ಹೊರಗೆ ಬರಲ್ಲ. ಟ್ಯೂಬಿನ ಕೆಳತುದಿ ಬೆಳ್ಳಿ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಚೆನ್ನಾಗಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ಟ್ಯೂಬು ಸತ್ತಂತೆ. ಮಧ್ಯಾಹ್ನ ಮುಟ್ಟಿ ನೋಡಿದರೂ ತಿಳಿಯುತ್ತದೆ: ಒಳ್ಳೆ ಟ್ಯೂಬಿನ ಹೊರಮೈ ಅಷ್ಟೇನೂ ಬಿಸಿ ಇರಲ್ಲ, ಕೆಟ್ಟದ್ದು ಕೈ ಸುಡುತ್ತದೆ. ಹುಷಾರಾಗಿ ಮುಟ್ಟಿ. ಹದಿನೈದರಲ್ಲಿ ಎರಡು ಮೂರು ಹೋಗಿದ್ದರೆ ಅಷ್ಟನ್ನೇ ಬದಲಿಸಿ. ಒಂದರ ಬೆಲೆ ಕೆಲವು ನೂರು ರೂಪಾಯಿ. ಅದಕ್ಕಾಗಿ ಇಡೀ ಸೆಟ್ ಕೆಳಗಿಳಿಸಬೇಕಿಲ್ಲ.

ಇನ್ನು ಸೋರಿಕೆ. ರಿಪೇರಿಯೋ ಹೊಸದೋ ಎಂದು ತೀರ್ಮಾನವಾಗುವುದು ಇಲ್ಲೇ. ಟ್ಯೂಬು ಟ್ಯಾಂಕಿಗೆ ಸೇರುವ ಕಡೆ ಹನಿ ಬೀಳುತ್ತಿದ್ದರೆ ರಬ್ಬರ್ ರಿಂಗ್ ಒಣಗಿ ಬಿರುಕು ಬಿಟ್ಟಿದೆ, ರಿಂಗ್ ಬದಲಿಸಿದರೆ ಮುಗಿಯಿತು. ಪೈಪ್ ಜಾಯಿಂಟ್, ವಾಲ್ವ್ ಸೋರಿದರೂ ಹಾಗೇ. ಆದರೆ ಟ್ಯಾಂಕಿನ ಹೊರ ತಗಡಿನ ಕೆಳಗಿಂದ, ಎಲ್ಲಿಂದ ಅಂತ ಗೊತ್ತಾಗದ ಹಾಗೆ ನೀರು ಒಸರುತ್ತಿದ್ದರೆ ಒಳಗಿನ ಟ್ಯಾಂಕೇ ತೂತಾಗಿದೆ. ಕಾವು ಹಿಡಿಯಲೆಂದು ಸುತ್ತ ತುಂಬಿದ ಪಫ್ ನೀರು ಕುಡಿದು ತೊಯ್ದಿರುತ್ತದೆ. ಹೊರಗಿನಿಂದ ಎಂ-ಸೀಲ್ ಮೆತ್ತಿದರೆ ಪ್ರಯೋಜನವಿಲ್ಲ. ತಗಡು ಬಿಚ್ಚಿ ವೆಲ್ಡಿಂಗ್ ಮಾಡ್ತೀವಿ ಅನ್ನುವವರೂ ಇದ್ದಾರೆ. ಮಾಡಿಸಬೇಡಿ ಅಂತಲೇ ನನ್ನ ಮಾತು, ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ.

ಟ್ಯಾಂಕ್ ಹೋಯಿತು ಅಂದ ಮಾತ್ರಕ್ಕೆ ಎಲ್ಲಾ ಹೋಯಿತು ಅಂತಲೂ ಅಲ್ಲ. ಟ್ಯೂಬು, ಸ್ಟ್ಯಾಂಡು ಚೆನ್ನಾಗಿದ್ದರೆ ಟ್ಯಾಂಕ್ ಮಾತ್ರ ಬದಲಿಸಿ ಕೊಡಲು ಕೇಳಿ. ಟ್ಯೂಬಿನ ಉದ್ದ-ದಪ್ಪ, ತೂತುಗಳ ಅಂತರ ಹೊಂದಬೇಕು. 58 ಮಿ.ಮೀ. ಟ್ಯೂಬಿನ ಟ್ಯಾಂಕಿಗೆ 47 ಮಿ.ಮೀ. ಟ್ಯೂಬು ಕೂರಲ್ಲ. ಅಳತೆ ಹೊಂದದಿದ್ದರೆ, ಇಲ್ಲವೇ ಟ್ಯಾಂಕಿನ ಬೆಲೆ ಹೊಸ ಸೆಟ್ಟಿನ ಅರ್ಧ ದಾಟಿದರೆ, ಪೂರ್ತಿ ಹೊಸದೇ ಲೇಸು. ವಾರಂಟಿ ಕಾರ್ಡೂ ಹುಡುಕಿ ತೆಗೆಯಿರಿ. ಗಡಸು ನೀರಿನಿಂದ ಕೆಟ್ಟರೆ ಜವಾಬ್ದಾರಿ ಇಲ್ಲ ಎಂದು ಸಣ್ಣಕ್ಷರದಲ್ಲಿ ಬರೆದಿರುವುದುಂಟು.

ನಮ್ಮ ತಾಲ್ಲೂಕಿನ ಬೋರ್‌ವೆಲ್ ನೀರು ಬಳಸುವವರಿಗೆ ಈ ಗಡಸು ನೀರಿನ ಮಾತು ಬಿಡಿಸಿ ಹೇಳಬೇಕಿಲ್ಲ. ಸ್ಟೀಲ್ ಕೊಡದ ತಳ ನೋಡಿದರೆ ಸಾಕು. ನೀರು ಕಾದಂತೆ ಅದರಲ್ಲಿರುವ ಸುಣ್ಣದಂಶ ಬಿಳಿ ಪದರವಾಗಿ ಕೂರುತ್ತದೆ. ಗಾಜಿನ ಟ್ಯೂಬಾದರೆ ಬಿಚ್ಚಿ ತೊಳೆಯಬಹುದು. ತಾಮ್ರದ ಪೈಪು, ಕಪ್ಪು ಹಲಗೆ ಇರುವ ಹಳೇ ಮಾದರಿಯ ಫ್ಲಾಟ್ ಪ್ಲೇಟ್ ಸೋಲಾರ್‌ನಲ್ಲಿ ಸಣ್ಣ ಪೈಪುಗಳೇ ಕಟ್ಟಿಕೊಳ್ಳುತ್ತವೆ. ಗೊತ್ತಿದ್ದವರಿಂದ ಆಸಿಡ್ ಹಾಕಿಸಿ ಸ್ವಚ್ಛ ಮಾಡಿಸಬಹುದು, ಆದರೆ ವರ್ಷಕ್ಕೊಮ್ಮೆ ಅದೇ ಕೆಲಸ. ಬೋರ್ ನೀರೇ ಗತಿ ಅನ್ನುವ ಮನೆಗೆ ಟ್ಯೂಬಿನದೇ ಅನುಕೂಲ. ಟ್ಯಾಂಕಿನೊಳಗೆ ಮೆಗ್ನೀಷಿಯಂ ಕಡ್ಡಿ ಇದೆಯಾ ಅಂತಲೂ ಕೇಳಿ. ಟ್ಯಾಂಕ್ ತುಕ್ಕು ಹಿಡಿಯುವ ಬದಲು ಅದು ತಾನು ಕರಗುತ್ತದೆ. ಸವೆದು ತಂತಿಯಂತಾದ ಕಡ್ಡಿಯನ್ನು ಹೊತ್ತಿಗೆ ಬದಲಿಸಿದ್ದರೆ ಎಷ್ಟೋ ಟ್ಯಾಂಕು ಉಳಿಯುತ್ತಿದ್ದವು.

ಸೋಲಾರ್ ಕೆಟ್ಟಾಗ ಬಹಳ ಮಂದಿ ಮಾಡುವುದು, ‘ಸದ್ಯಕ್ಕೆ ಇರ್ಲಿ’ ಅಂತ ಗೀಸರ್ ಹಾಕಿಸಿ ಸೋಲಾರ್ ಮರೆತುಬಿಡುವುದು. ಕರೆಂಟ್ ಫ್ರೀ ಐತಲ್ಲ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ ಇಲ್ಲ. 2022-23ರಲ್ಲಿ ನೀವು ಬಳಸಿದ ತಿಂಗಳ ಸರಾಸರಿಗೆ ಶೇ 10 ಸೇರಿಸಿದಷ್ಟು ಮಾತ್ರ. ಆ ವರ್ಷ ಸೋಲಾರ್ ಚೆನ್ನಾಗಿ ನಡೆದಿದ್ದ ಮನೆಯ ಸರಾಸರಿ ಸಹಜವಾಗಿಯೇ ಕಮ್ಮಿ. ಸರಾಸರಿ 100 ಇದ್ದರೆ ಫ್ರೀ ಸಿಗುವುದು 110. ಎರಡು ಕಿಲೋವಾಟ್ ಗೀಸರ್ ದಿನಕ್ಕೆ ಒಂದು ತಾಸು ಉರಿದರೆ 2 ಯೂನಿಟ್, ತಿಂಗಳಿಗೆ 60. ಬಳಕೆ 160 ಆಯಿತು, 50 ಯೂನಿಟ್ ಕೈಯಿಂದ ಕಟ್ಟಬೇಕು. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ತಿಂಗಳಿಗೆ 300. ಸರಾಸರಿ 150 ಇದ್ದ ಮನೆಯ ಬಳಕೆ 210 ಆಗುತ್ತದೆ. 200 ದಾಟಿದರೆ ಹೆಚ್ಚುವರಿಗಷ್ಟೇ ಅಲ್ಲ, ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಹೊಸ ಟ್ಯಾಂಕಿನ ಖರ್ಚನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ.

ಗೀಸರ್‌ಗೂ ಮೇಲಿನ ಸೂತ್ರವೇ: ಎಲಿಮೆಂಟ್, ಥರ್ಮೋಸ್ಟ್ಯಾಟ್ ಹೋದರೆ ಬದಲಿಸಿ, ಟ್ಯಾಂಕ್ ತೂತಾದರೆ ಹೊಸದು. ತಾಮ್ರದ ಹಂಡೆಗೆ ಕರೆಂಟಿನ ಕಾಯಿಲ್ ಇಳಿಬಿಟ್ಟು ನೀರು ಕಾಯಿಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೇ ನೀರಿಗೆ ಕೈ ಹಾಕಿ. ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ.

ಹೊಸದೇ ಕೊಳ್ಳುವುದಾದರೆ ‘ಸಬ್ಸಿಡಿ ಕೊಡಿಸ್ತೀವಿ’ ಎಂಬ ಮಾತಿಗೆ ಮುಂಗಡ ಕೊಡಬೇಡಿ. ಬಿಸಿನೀರಿನ ಸೋಲಾರ್‌ಗೆ ಕೇಂದ್ರ ಕೊಡುತ್ತಿದ್ದ ಸಬ್ಸಿಡಿ 2014ರಲ್ಲೇ ನಿಂತಿದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ ಮಾಳಿಗೆ ಮೇಲೆ ಕರೆಂಟ್ ತಯಾರಿಸುವ ಪ್ಯಾನೆಲ್‌ಗೆ, ಬಿಸಿನೀರಿಗಲ್ಲ. ಎರಡನ್ನೂ ‘ಸೋಲಾರ್’ ಅನ್ನುವುದರಿಂದ ಗೊಂದಲ. ಕಮ್ಮಿಯಾಗಿರುವುದು ಜಿಎಸ್‌ಟಿ: 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ವಾಟರ್ ಹೀಟರ್‌ಗೆ ಶೇ 12ರ ಬದಲು ಶೇ 5. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ಅಂಗಡಿಯವರೂ ಹಳೇ ದರದ ಪಟ್ಟಿ ತೋರಿಸಬೇಡಿ. ನಾಲ್ಕು ಮಂದಿಯ ಮನೆಗೆ 100 ಲೀಟರ್ ಸಾಕು. ಐಎಸ್‌ಐ ಗುರುತು ನೋಡಿ.

ಕೂರಿಸುವಾಗ ಮುಖ ದಕ್ಷಿಣಕ್ಕೆ ಇರಲಿ. ಟ್ಯಾಂಕಿನ ಮೇಲಿನ ಗಾಳಿ ಪೈಪು ನೆಟ್ಟಗೆ, ಬಾಯಿ ತೆರೆದು ನಿಂತಿರಬೇಕು. ಅದು ಕಟ್ಟಿಕೊಂಡರೆ ಒಳಗೆ ಗಾಳಿಯಾಡದೆ ಟ್ಯಾಂಕ್ ನುಗ್ಗಾಗುತ್ತದೆ. ಮುಖ್ಯವಾಗಿ, ಬಿಸಿಲಿಗೆ ಖಾಲಿ ಕಾದ ಟ್ಯೂಬಿಗೆ ಮಧ್ಯಾಹ್ನ ತಣ್ಣೀರು ಬಿಟ್ಟರೆ ಗಾಜು ಚಟ್ಟನೆ ಒಡೆಯುತ್ತದೆ. ನೀರು ತುಂಬಿಸುವುದೇನಿದ್ದರೂ ಬೆಳಿಗ್ಗೆ ಹೊತ್ತು ಏರುವ ಮುಂಚೆ. ಹಳೇ ಸೆಟ್ಟನ್ನು ಗುಜರಿಗೆ ಹಾಕುವ ಮೊದಲು ಚೆನ್ನಾಗಿರುವ ಎರಡು ಮೂರು ಟ್ಯೂಬು ಎತ್ತಿಟ್ಟುಕೊಳ್ಳಿ, ಅಳತೆ ಒಂದೇ ಇದ್ದರೆ ಹೊಸದಕ್ಕೂ ಆಗುತ್ತವೆ.