ಕರೆನ್ಸಿ ವಹಿವಾಟಿನಲ್ಲಿ ಬ್ರೋಕರ್ ಕಮಿಷನ್: ಲೆಕ್ಕ ಹೇಗೆ, ಹೊರೆ ಎಷ್ಟು?

ಒಂದು ದೇಶದ ಹಣವನ್ನು ಕೊಟ್ಟು ಮತ್ತೊಂದು ದೇಶದ ಹಣವನ್ನು ಕೊಳ್ಳುವುದೇ ಕರೆನ್ಸಿ ವಹಿವಾಟು, ಆಡುಮಾತಿನಲ್ಲಿ ‘ಫಾರೆಕ್ಸ್’. ಜನಸಾಮಾನ್ಯರು ಈ ಮಾರುಕಟ್ಟೆಯನ್ನು ಬ್ರೋಕರ್ ಮೂಲಕವೇ ಪ್ರವೇಶಿಸಬೇಕು. ಆತನ ಸೇವೆಗೆ ಸಲ್ಲುವ ಪ್ರತಿಫಲ ಕಮಿಷನ್. ಆದೋನಿಯಲ್ಲಿ ಹತ್ತಿಯನ್ನೋ ಸೊಲ್ಲಾಪುರದಲ್ಲಿ ಈರುಳ್ಳಿಯನ್ನೋ ಮಾರಿದ ಕುಟುಂಬಗಳಿಗೆ ದಲ್ಲಾಳಿಯ ಪದ್ಧತಿ ಹೊಸದಲ್ಲ. ಆದರೆ ಕರೆನ್ಸಿ ವಹಿವಾಟಿನಲ್ಲಿ ಈ ಪ್ರತಿಫಲ ಅನೇಕ ವೇಳೆ ಪ್ರತ್ಯೇಕವಾಗಿ ಕಾಣದೆ ದರದೊಳಗೇ ಅಡಗಿರುತ್ತದೆ. ‘ಕಮಿಷನ್ ಇಲ್ಲ’ ಎಂಬ ಜಾಹೀರಾತುಗಳು ಮೊಬೈಲುಗಳಲ್ಲಿ ಹರಿದಾಡುತ್ತಿರುವಾಗ ಇದರ ಲೆಕ್ಕವನ್ನು ಪೋಷಕರು ಅರಿತಿರುವುದು ಅಗತ್ಯ.

ದರದ ಅಂತರ

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರಿರುವ ಕಾಸರಗೋಡಿನ ಮನೆಗಳಿಗೆ ಹಣ ವಿನಿಮಯ ಕೇಂದ್ರದ ಫಲಕ ಪರಿಚಿತ. ಅಲ್ಲಿ ಪ್ರತಿ ಕರೆನ್ಸಿಗೂ ಎರಡು ದರಗಳಿರುತ್ತವೆ: ಕೇಂದ್ರವು ಕೊಳ್ಳುವ ದರ ಕಡಿಮೆ, ಮಾರುವ ದರ ಹೆಚ್ಚು. ಈ ಅಂತರವನ್ನು ‘ಸ್ಪ್ರೆಡ್’ ಎನ್ನುತ್ತಾರೆ. ಬೇರೆ ಕಮಿಷನ್ ಕೇಳದ ಬ್ರೋಕರನ ಆದಾಯ ಮುಖ್ಯವಾಗಿ ಬರುವುದು ಇಲ್ಲಿಂದಲೇ.

ಉದಾಹರಣೆಗೆ, ಒಂದು ಯೂರೋವನ್ನು ನಾವು ಮಾರುವ ದರ 1.1000 ಡಾಲರ್, ಕೊಳ್ಳುವ ದರ 1.1002 ಡಾಲರ್ ಎಂದಿರಲಿ. 10,000 ಯೂರೋ ಕೊಂಡು ಆ ಕ್ಷಣವೇ ಮಾರಿದರೆ 2 ಡಾಲರ್ ನಷ್ಟ. ಮಾರುಕಟ್ಟೆ ಅಲುಗಾಡದಿದ್ದರೂ ಈ ಮೊತ್ತ ನಮ್ಮ ಕೈಬಿಟ್ಟು ಹೋಗುತ್ತದೆ.

ನೇರ ಕಮಿಷನ್ ಮತ್ತು ಇತರ ವೆಚ್ಚ

ಕೆಲವು ಖಾತೆಗಳಲ್ಲಿ ದರದ ಅಂತರ ಅತ್ಯಲ್ಪ. ಬದಲಿಗೆ ‘ಲಾಟ್’ ಲೆಕ್ಕದಲ್ಲಿ ಕಮಿಷನ್ ವಿಧಿಸುತ್ತಾರೆ. ಪೂರ್ಣ ಲಾಟ್ ಎಂದರೆ 1,00,000 ಯೂನಿಟ್. ಕೊಳ್ಳುವಾಗ 3.50 ಡಾಲರ್, ಮಾರುವಾಗ 3.50 ಡಾಲರ್ ಎಂದಿದ್ದರೆ ಒಂದು ಲಾಟ್‌ಗೆ ಒಟ್ಟು 7 ಡಾಲರ್. ಜಾಹೀರಾತಿನಲ್ಲಿ ಕಾಣುವುದು ಒಂದು ಬದಿಯ ಮೊತ್ತವೋ ಎರಡೂ ಬದಿಯದೋ ಎಂಬುದನ್ನು ಗಮನಿಸಬೇಕು. ವಹಿವಾಟನ್ನು ರಾತ್ರಿ ಕಳೆದು ಮರುದಿನಕ್ಕೆ ಉಳಿಸಿಕೊಂಡರೆ, ಎರಡು ದೇಶಗಳ ಬಡ್ಡಿದರದ ವ್ಯತ್ಯಾಸವನ್ನು ಆಧರಿಸಿದ ‘ಸ್ವಾಪ್’ ಎಂಬ ಲೆಕ್ಕವೂ ಸೇರುತ್ತದೆ. ಅದರಲ್ಲಿಯೂ ಬ್ರೋಕರನ ಪಾಲಿರಬಹುದು.

ಸಣ್ಣ ದರ ದೊಡ್ಡ ಹೊರೆಯಾಗುವ ಬಗೆ

ಕಮಿಷನ್ ಲೆಕ್ಕವಾಗುವುದು ನಾವು ಕಟ್ಟಿದ ಹಣದ ಮೇಲಲ್ಲ, ವಹಿವಾಟಿನ ಒಟ್ಟು ಗಾತ್ರದ ಮೇಲೆ. 1:100 ‘ಲೆವರೇಜ್’ ಎಂದರೆ, ಮುಂಗಡವಾಗಿ ಇಟ್ಟ ಹಣದ ನೂರು ಪಟ್ಟು ಗಾತ್ರದ ವಹಿವಾಟಿಗೆ ಅವಕಾಶ. 200 ಡಾಲರ್ ಕಟ್ಟಿದವನು ಮೇಲಿನಂತೆ 10,000 ಯೂರೋ ವಹಿವಾಟನ್ನು ದಿನಕ್ಕೆ ಮೂರು ಬಾರಿಯಂತೆ 20 ದಿನ ಮಾಡಿದರೆ, 60 ವಹಿವಾಟುಗಳಿಗೆ 120 ಡಾಲರ್ ವೆಚ್ಚ. ಅಂದರೆ, ಲಾಭ-ನಷ್ಟದ ಮಾತಿಗೆ ಮೊದಲೇ ಬಂಡವಾಳದ ಶೇ. 60ರಷ್ಟು ಕರಗಿರುತ್ತದೆ.

ಗ್ರಾಹಕರನ್ನು ಕರೆತಂದ ಮಧ್ಯವರ್ತಿಗೂ ಅನೇಕ ಕಂಪನಿಗಳು ಪ್ರತಿ ಲಾಟ್‌ಗೆ ಇಂತಿಷ್ಟು ಪಾಲು ಕೊಡುತ್ತವೆ. ಗ್ರಾಹಕ ಗೆದ್ದರೂ ಸೋತರೂ ಆ ಪಾಲು ತಪ್ಪದು. ‘ಉಚಿತ ತರಬೇತಿ’ ನೀಡುವವರು ಹೆಚ್ಚು ಹೆಚ್ಚು ವಹಿವಾಟಿಗೆ ಹುರಿದುಂಬಿಸುವುದರ ಹಿಂದೆ ಈ ಲೆಕ್ಕವಿರಬಹುದು. ಇನ್ನು, ಗ್ರಾಹಕನ ಎದುರು ಪಕ್ಷದಲ್ಲಿ ತಾನೇ ನಿಲ್ಲುವ ಬ್ರೋಕರನಿಗೆ ಗ್ರಾಹಕನ ನಷ್ಟವೇ ಲಾಭ. ಐರೋಪ್ಯ ಒಕ್ಕೂಟದ ನಿಯಂತ್ರಕ ಸಂಸ್ಥೆ 2018ರಲ್ಲಿ ಸಣ್ಣ ಹೂಡಿಕೆದಾರರಿಗೆ ಪ್ರಮುಖ ಕರೆನ್ಸಿಗಳ ಲೆವರೇಜನ್ನು 1:30ಕ್ಕೆ ಮಿತಿಗೊಳಿಸಿತು. ಇಂತಹ ಖಾತೆಗಳಲ್ಲಿ ಶೇ. 74ರಿಂದ 89ರಷ್ಟು ನಷ್ಟ ಅನುಭವಿಸುತ್ತವೆಂದು ಅದು ಆಗ ತಿಳಿಸಿತ್ತು.

ಭಾರತದ ಕಾನೂನು

ನಮ್ಮ ದೇಶದಲ್ಲಿ ಷೇರು ವಿನಿಮಯ ಕೇಂದ್ರದ ಮೂಲಕ ಡಾಲರ್–ರೂಪಾಯಿ ಫ್ಯೂಚರ್ಸ್ ವಹಿವಾಟು ಆರಂಭವಾದದ್ದು 2008ರ ಆಗಸ್ಟ್‌ನಲ್ಲಿ. ಒಂದು ಒಪ್ಪಂದದ ಗಾತ್ರ 1,000 ಡಾಲರ್. ಇಲ್ಲಿ ಬ್ರೋಕರೇಜ್, ವಿನಿಮಯ ಕೇಂದ್ರದ ಶುಲ್ಕ, ಇವುಗಳ ಮೇಲಿನ ಜಿಎಸ್‌ಟಿ, ಮುದ್ರಾಂಕ ಶುಲ್ಕ ಎಲ್ಲವೂ ‘ಕಾಂಟ್ರಾಕ್ಟ್ ನೋಟ್’ನಲ್ಲಿ ಬಿಡಿಬಿಡಿಯಾಗಿ ದಾಖಲಾಗುತ್ತವೆ. ಆದರೆ 2024ರ ಮೇ 3ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ, ರೂಪಾಯಿ ಒಳಗೊಂಡ ಇಂತಹ ಒಪ್ಪಂದಗಳು ವಿದೇಶಿ ಹಣದಲ್ಲಿ ನೈಜವಾದ ಕೊಡು-ಕೊಳ್ಳುವಿಕೆ ಇರುವವರ ರಕ್ಷಣೆಗೆ ಮಾತ್ರ. ಬರಿಯ ಊಹೆಯ ವ್ಯಾಪಾರಕ್ಕಲ್ಲ.

ಭಾರತದಲ್ಲಿ ನೆಲೆಸಿರುವವರು ವಿದೇಶಿ ಬ್ರೋಕರನಿಗೆ ಮುಂಗಡ ಹಣ ಕಳುಹಿಸುವುದಕ್ಕೂ ಅನುಮತಿಯಿಲ್ಲ. 1999ರ ಫೆಮಾ ಕಾಯ್ದೆಯನ್ನು ಮೀರಿದರೆ ಸಂಬಂಧಪಟ್ಟ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. ಅನಧಿಕೃತ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಿಂದ ಪ್ರಕಟಿಸುತ್ತಿದೆ. ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಆ ವೇದಿಕೆ ಅಧಿಕೃತವೆಂದು ಭಾವಿಸಕೂಡದು.

ಕೇಳಲೇಬೇಕಾದ ಪ್ರಶ್ನೆಗಳು

ಕರೆನ್ಸಿ ವಹಿವಾಟಿಗೆ ಯಾರೇ ಆಹ್ವಾನಿಸಲಿ, ನಾಲ್ಕು ಪ್ರಶ್ನೆಗಳನ್ನು ಮುಂದಿಡಬೇಕು: ಸೆಬಿ ನೋಂದಣಿ ಸಂಖ್ಯೆ ಯಾವುದು? ಕೊಂಡು ಮಾರುವವರೆಗಿನ ಒಟ್ಟು ವೆಚ್ಚ ಎಷ್ಟು? ನನ್ನನ್ನು ಸೇರಿಸಿದ್ದಕ್ಕೆ ನಿಮಗೆ ಸಿಗುವ ಪಾಲೆಷ್ಟು? ಷರತ್ತುಗಳನ್ನು ನಾನು ಓದಬಲ್ಲ ಭಾಷೆಯಲ್ಲಿ ವಿವರಿಸುವಿರಾ? ಆಹ್ವಾನ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ ಎಂದಾದರೆ ಸಹಿಗೆ ಅವಸರ ಬೇಡ. ಹಣ ಕಳೆದುಕೊಂಡವರು ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಶೇಕಡಾವಾರು ಲೆಕ್ಕ ಕಲಿತ ಮಕ್ಕಳೊಡನೆ ಮೇಲಿನ 60 ವಹಿವಾಟುಗಳ ಲೆಕ್ಕವನ್ನು ಒಮ್ಮೆ ಮನೆಯಲ್ಲಿಯೇ ಮಾಡಿನೋಡಿದರೆ, ‘ಕಮಿಷನ್ ಇಲ್ಲ’ ಎಂಬ ಮಾತಿನ ಬೆಲೆ ಎಷ್ಟೆಂಬುದು ಮನದಟ್ಟಾಗುತ್ತದೆ.