ಹುಯಿಲಿಡದವರಿಗೆ ದಂಡ

ಸಂಬಳ ಪಡೆಯುವ ಪೊಲೀಸರಿಲ್ಲದಿದ್ದ ಮಧ್ಯಯುಗದ ಇಂಗ್ಲೆಂಡಿನಲ್ಲಿ ಕಳ್ಳನನ್ನಾಗಲಿ ಕೊಲೆಗಾರನನ್ನಾಗಲಿ ಹಿಡಿಯುವ ಹೊಣೆ ಅಪರಾಧ ನಡೆದ ಊರಿನವರ ಮೇಲೆಯೇ ಇತ್ತು. ಆ ಹೊಣೆ ಶುರುವಾಗುತ್ತಿದ್ದುದು ಕೂಗಿನಿಂದ. ಅನ್ಯಾಯಕ್ಕೊಳಗಾದವನು, ಇಲ್ಲವೇ ಅದನ್ನು ಕಣ್ಣಾರೆ ಕಂಡವನು, ಗಟ್ಟಿಯಾಗಿ ಹುಯಿಲಿಡಬೇಕು. ಕೇಳಿದವರೆಲ್ಲ ಕೈಗೆ ಸಿಕ್ಕ ಆಯುಧ ಹಿಡಿದು ಹೊರಬಂದು, ತಾವೂ ಕೂಗುತ್ತ, ಕೊಂಬೂದುತ್ತ ಬೆನ್ನಟ್ಟಬೇಕು. ತಮ್ಮೂರಿನ ಎಲ್ಲೆ ಮುಗಿದಲ್ಲಿ ಮುಂದಿನ ಊರಿನವರಿಗೆ ಸುದ್ದಿ ದಾಟಿಸಬೇಕು. ಲ್ಯಾಟಿನ್ ಕಡತಗಳು ‘ಹುಟೇಸಿಯಂ ಎಟ್ ಕ್ಲಾಮೋರ್’ ಎಂದು ಬರೆದಿಟ್ಟ ಈ ಕ್ರಮವೇ ಇಂಗ್ಲಿಷಿನ ‘ಹ್ಯೂ ಅಂಡ್ ಕ್ರೈ’. ಇಂದಿನ ಪತ್ರಿಕೆಗಳು ಯಾವುದೋ ಆದೇಶದ ವಿರುದ್ಧ ಎದ್ದ ಗದ್ದಲಕ್ಕೆ, ಅದೂ ತುಸು ತಾತ್ಸಾರ ಬೆರೆಸಿ, ಈ ಹೆಸರನ್ನು ಬಳಸುತ್ತವಾದರೂ, ಹುಟ್ಟಿದ ನೆಲದಲ್ಲಿ ಅದು ತೆರಿಗೆಯಂತೆ ತಪ್ಪಿಸಿಕೊಳ್ಳಲಾಗದ ಕರ್ತವ್ಯವಾಗಿತ್ತು.

ಸದ್ದು ಮಾಡುವವನು ಪ್ರಾಮಾಣಿಕ, ಸದ್ದಿಲ್ಲದೆ ಸುಳಿಯುವವನು ಕಳ್ಳ ಎಂಬ ನಂಬಿಕೆ ಇದರ ಬೇರಿನಲ್ಲಿದೆ. ಏಳನೆಯ ಶತಮಾನದ ಕೊನೆಯಲ್ಲಿ ಕೆಂಟ್ ರಾಜ್ಯದ ವಿಟ್ರೆಡ್, ವೆಸೆಕ್ಸ್ ರಾಜ್ಯದ ಐನ್ ಎಂಬ ಅರಸರು ಹೊರಡಿಸಿದ ಕಟ್ಟಳೆಗಳೆರಡರಲ್ಲೂ ಒಂದೇ ವಿಧಿಯಿದೆ: ದೂರದಿಂದ ಬಂದವನೊಬ್ಬ ದಾರಿ ಬಿಟ್ಟು ಕಾಡಿನಲ್ಲಿ ನಡೆಯುತ್ತಿದ್ದು, ಕೂಗದೆಯೂ ಕೊಂಬೂದದೆಯೂ ಇದ್ದರೆ ಅವನನ್ನು ಕಳ್ಳನೆಂದೇ ಎಣಿಸಬಹುದು, ಕೊಲ್ಲಲೂಬಹುದು. ಹತ್ತನೆಯ ಶತಮಾನದ ಹೊತ್ತಿಗೆ ‘ಹಂಡ್ರೆಡ್’ ಎಂಬ ಘಟಕ, ಅಂದರೆ ಕೌಂಟಿಗಿಂತ ಚಿಕ್ಕದಾದ, ಹಲವು ಹಳ್ಳಿಗಳ ಕೂಟ, ದನಗಳ್ಳರ ಜಾಡು ಹಿಡಿಯುವ ಕೆಲಸವನ್ನು ವಹಿಸಿಕೊಂಡಿತ್ತು.

ಈ ರೂಢಿಯನ್ನು ಗಟ್ಟಿ ಕಾನೂನಾಗಿ ಕಟ್ಟಿದವನು ಒಂದನೆಯ ಎಡ್ವರ್ಡ್. ಅವನ 1285ರ ವಿಂಚೆಸ್ಟರ್ ಶಾಸನದ ಪ್ರಕಾರ, ದರೋಡೆ ನಡೆದ ನಲವತ್ತು ದಿನಗಳೊಳಗೆ ಅಪರಾಧಿಯನ್ನು ಒಪ್ಪಿಸಲಾಗದ ಹಂಡ್ರೆಡ್‌ನ ಜನರೆಲ್ಲ ಸೇರಿ ಕಳೆದುಕೊಂಡವನ ನಷ್ಟವನ್ನು ತುಂಬಿಕೊಡಬೇಕಿತ್ತು. ಅಸೆನ್ಶನ್ ಹಬ್ಬದಿಂದ ಸೆಪ್ಟೆಂಬರ್ ಕೊನೆಯ ಮೈಕೆಲ್ಮಸ್‌ವರೆಗೆ, ಸೂರ್ಯಾಸ್ತದಿಂದ ಸೂರ್ಯೋದಯದ ತನಕ, ನಗರಗಳ ಪ್ರತಿ ಬಾಗಿಲಿಗೆ ಆರು ಮಂದಿ ಕಾವಲಿರಬೇಕು. ರಾತ್ರಿ ಬಂದ ಅಪರಿಚಿತನನ್ನು ಬೆಳಗಿನವರೆಗೆ ಹಿಡಿದಿಡಬೇಕು. ಅವನು ತಪ್ಪಿಸಿಕೊಂಡರೆ ಹುಯಿಲೆಬ್ಬಿಸಿ ಊರಿಂದೂರಿಗೆ ಅಟ್ಟಬೇಕು. ಹದಿನೈದರಿಂದ ಅರವತ್ತು ವರ್ಷದ ಗಂಡಸರೆಲ್ಲ ಯೋಗ್ಯತಾನುಸಾರ ಆಯುಧ ಇಟ್ಟುಕೊಳ್ಳಬೇಕಿತ್ತು. ಪೇಟೆಯಿಂದ ಪೇಟೆಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಇನ್ನೂರು ಅಡಿಗಳವರೆಗೆ ಪೊದೆಗಳನ್ನು ಸವರಬೇಕೆಂದೂ ಅದೇ ಶಾಸನ ವಿಧಿಸಿತು. ಓಕ್ ಮರಗಳಿಗೂ ಇತರ ದೊಡ್ಡ ಮರಗಳಿಗೂ ಮಾತ್ರ ವಿನಾಯಿತಿ.

ಕಾನೂನು ನಡೆದ ಬಗೆಯನ್ನು ತೋರಿಸುವವು ಕರೋನರರ ಕಡತಗಳು ಹಾಗೂ ಜಮೀನ್ದಾರಿ ನ್ಯಾಯಾಲಯಗಳ ಸುರುಳಿಗಳು. ಅಸಹಜ ಸಾವುಗಳ ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯೇ ಕರೋನರ್; ಈ ಹುದ್ದೆ 1194ರಲ್ಲಿ ಹುಟ್ಟಿತು. ಹೊಲದಂಚಿನಲ್ಲಿ ಹೆಣವೊಂದು ಸಿಕ್ಕರೆ ಅದನ್ನು ಮೊದಲು ಕಂಡವನು ಹುಯಿಲಿಡಬೇಕು, ಸುತ್ತಲ ಮನೆಗಳವರು ಬರಬೇಕು, ಆಮೇಲೆ ಕರೋನರ್ ಬಂದು ಯಾರು ಕೂಗಿದರು, ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಬರೆಸಬೇಕು. ಕೂಗದವನಿಗೆ ದಂಡ, ಕೇಳಿಯೂ ಬಾರದವನಿಗೆ ದಂಡ, ಕಾರಣವಿಲ್ಲದೆ ಕೂಗಿದವನಿಗೂ ದಂಡ. ಅಷ್ಟೇ ಅಲ್ಲ, ನೆರೆಯವನನ್ನು ಹೊಡೆದು ಕೂಗುವಂತೆ ಮಾಡಿದವನಿಗೂ ಬೇರೆ ದಂಡ. ಯಾರು ಸೋತರೂ ಬೊಕ್ಕಸಕ್ಕೆ ಒಂದಿಷ್ಟು ಬೀಳುತ್ತಿದ್ದುದರಿಂದಲೇ ಈ ಸುರುಳಿಗಳಲ್ಲಿ ಹಳ್ಳಿಯ ಜಗಳಗಳು ಇಷ್ಟು ವಿವರವಾಗಿ ಉಳಿದುಬಂದಿವೆ. ಈ ಪದ್ಧತಿಯ ಕ್ರೂರ ಮುಖವೂ ಮರೆಯುವಂಥದ್ದಲ್ಲ: ಹುಯಿಲಿನ ಬೆನ್ನಟ್ಟುವಿಕೆಯಲ್ಲಿ ಕದ್ದ ಮಾಲು ಸಮೇತ ಸಿಕ್ಕವನಿಗೆ ತನ್ನ ಪರವಾಗಿ ಮಾತಾಡುವ ಅವಕಾಶವೇ ಇರಲಿಲ್ಲ, ಬೆನ್ನಟ್ಟಿದವರ ಮಾತೇ ತೀರ್ಪಾಗಿ, ಅವನು ಗಲ್ಲಿಗೇರುತ್ತಿದ್ದ.

ಕನ್ನಡನಾಡಿನ ವೀರಗಲ್ಲುಗಳನ್ನು ಓದಿದವರಿಗೆ ಈ ಚಿತ್ರ ಪೂರ್ತಿ ಹೊಸದಲ್ಲ. ತುರುಗೊಳ್, ಅಂದರೆ ದನಗಳನ್ನು ಅಪಹರಿಸಿದ ಸಂದರ್ಭ, ಪೆಣ್ಬುಯ್ಯಲ್, ಅಂದರೆ ಆಪತ್ತಿಗೆ ಸಿಕ್ಕ ಹೆಣ್ಣಿನ ಮೊರೆ, ಇವುಗಳಿಗೆ ಓಗೊಟ್ಟು ಹೋರಾಡಿ ಸತ್ತವರ ನೆನಪಿಗೆ ನಿಂತ ಕಲ್ಲುಗಳು ಮಲೆನಾಡಿನಿಂದ ಬಯಲುಸೀಮೆಯವರೆಗೆ ನೂರಾರು ಇವೆ. ಸಂಬಂಧವಿಲ್ಲದ ಎರಡು ನಾಡುಗಳಲ್ಲಿ ಒಂದೇ ಅಗತ್ಯ ಹುಟ್ಟಿಸಿದ ಪದ್ಧತಿಗಳಿವು ಎನ್ನಬೇಕೇ ಹೊರತು ಒಂದರಿಂದೊಂದು ಬಂದವೆನ್ನಲಾಗದು. ಆದರೆ ವ್ಯತ್ಯಾಸವೊಂದು ಗಮನಾರ್ಹ: ಇಂಗ್ಲೆಂಡಿನ ದಾಖಲೆ ಓಗೊಡದವನ ಹೆಸರನ್ನು ದಂಡದ ಪಟ್ಟಿಯಲ್ಲಿ ಬರೆದರೆ, ಇಲ್ಲಿನ ಶಾಸನ ಓಗೊಟ್ಟವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿ, ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಟ್ಟುದನ್ನು ಹೇಳುತ್ತದೆ.

ಇಂಗ್ಲೆಂಡಿನಲ್ಲಿ ಈ ಪದ್ಧತಿ ಸಾವಕಾಶವಾಗಿ ಸೊರಗಿತು. ಕಾಲಾಳುಗಳ ಜೊತೆ ಕುದುರೆ ಸವಾರರೂ ಬೆನ್ನಟ್ಟದ ಹುಯಿಲು ಹುಯಿಲೇ ಅಲ್ಲವೆಂದು 1585ರ ಶಾಸನ ಹೇಳಬೇಕಾಗಿ ಬಂದುದೇ ಜನರ ಉತ್ಸಾಹ ಇಳಿದಿತ್ತೆಂಬುದಕ್ಕೆ ಸಾಕ್ಷಿ. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಬೋ ಸ್ಟ್ರೀಟಿನ ಅಂಧ ಮ್ಯಾಜಿಸ್ಟ್ರೇಟ್ ಜಾನ್ ಫೀಲ್ಡಿಂಗ್ ತಲೆಮರೆಸಿಕೊಂಡವರ ಚಹರೆಯನ್ನು ಅಚ್ಚು ಹಾಕಿಸಿ ಹಂಚತೊಡಗಿದ ಮೇಲೆ ಕೊಂಬಿನ ಕೆಲಸ ಕಾಗದಕ್ಕೆ ಬಂತು. ಆ ಪ್ರಕಟಣೆ ಮುಂದೆ ‘ಹ್ಯೂ ಅಂಡ್ ಕ್ರೈ’ ಎಂಬ ಹೆಸರನ್ನೇ ಹೊತ್ತು, ಕೊನೆಗೆ ‘ಪೊಲೀಸ್ ಗೆಜೆಟ್’ ಆಯಿತು. ವಿಂಚೆಸ್ಟರ್ ಶಾಸನ 1827ರಲ್ಲಿ ರದ್ದಾಯಿತು. ಎರಡು ವರ್ಷಗಳಲ್ಲಿ ಲಂಡನ್ನಿಗೆ ಸಂಬಳದ ಪೊಲೀಸ್ ದಳ ಬಂತು.

ಕಾನೂನು ಸತ್ತರೂ ಅದರ ಒಂದು ತರ್ಕ ಮಾತ್ರ ದೀರ್ಘಕಾಲ ಬದುಕಿತು. ಅತ್ಯಾಚಾರಕ್ಕೊಳಗಾದ ಹೆಣ್ಣು ತಕ್ಷಣವೇ ನೆರೆಯ ಊರುಗಳಿಗೆ ಹೋಗಿ ಹುಯಿಲಿಟ್ಟು, ಗಾಯವನ್ನೂ ಹರಿದ ಬಟ್ಟೆಯನ್ನೂ ಗಣ್ಯರಿಗೆ ತೋರಿಸಬೇಕೆಂದು ಹದಿಮೂರನೆಯ ಶತಮಾನದ, ಬ್ರಾಕ್ಟನ್ನನದೆಂದು ಹೇಳುವ ನ್ಯಾಯಗ್ರಂಥ ವಿಧಿಸಿತ್ತು. ಕೂಗಿರದಿದ್ದರೆ ಅವಳ ದೂರು ನಿಲ್ಲುವುದು ಕಷ್ಟವಿತ್ತು. ಅದೇ ತರ್ಕ ಭಾರತದಲ್ಲೂ ಕಂಡಿತು: ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಹುಡುಗಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಆರೋಪಕ್ಕೆ ಸಂಬಂಧಿಸಿದ ತುಕಾರಾಂ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಆರೋಪಿ ಪೊಲೀಸರನ್ನು ಬಿಡುಗಡೆ ಮಾಡುವಾಗ, ಹುಡುಗಿ ಜೊತೆಗಿದ್ದವರನ್ನು ಕೂಗಿ ಕರೆಯಲಿಲ್ಲ ಎಂಬುದನ್ನೂ ಅವಳಿಗೆ ವಿರುದ್ಧವಾಗಿ ಎಣಿಸಿತು. ಕಾವಲಿನಲ್ಲಿರುವವಳು ಯಾರಿಗೆ ಕೂಗಬೇಕಿತ್ತೆಂಬ ಪ್ರಶ್ನೆಗೆ ಆ ತರ್ಕದಲ್ಲಿ ಜಾಗವಿರಲಿಲ್ಲ. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಬರೆದ ಬಹಿರಂಗ ಪತ್ರ, ಅದರ ಬೆನ್ನಿಗೆದ್ದ ಮಹಿಳಾ ಚಳವಳಿ ಅತ್ಯಾಚಾರ ಕಾನೂನಿನ 1983ರ ತಿದ್ದುಪಡಿಗೆ ದಾರಿ ಮಾಡಿದವು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಹೆಣ್ಣು ಒಪ್ಪಿದಳೆಂದು ಭಾವಿಸತಕ್ಕದ್ದಲ್ಲ ಎಂಬ ವಿವರಣೆ ದಂಡಸಂಹಿತೆಗೆ ಸೇರಿದ್ದು 2013ರಲ್ಲಿ; 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲೂ ಅದು ಉಳಿದಿದೆ.